ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಬಹಿರಂಗ ಪತ್ರ: ನೂರರಲ್ಲಿ ಒಂದು ರೂಪಾಯಿ ತಿಳಿಯುವುದಕ್ಕೆ ಖರ್ಚು ಮಾಡಿ

ಮಾನ್ಯ ಅಧ್ಯಕ್ಷರಿಗೆ, ಕಾರ್ಯದರ್ಶಿಗಳಿಗೆ ಮತ್ತು ಮಂಡಳಿಯ ಎಲ್ಲ ಸದಸ್ಯರಿಗೆ ನಮಸ್ಕಾರಗಳು.

ಈ ಪತ್ರದಲ್ಲಿ ಒಂದೇ ಬೇಡಿಕೆ ಇದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ. 2023-24ರ ಬಜೆಟ್‌ನಲ್ಲಿ ಸರ್ಕಾರ ಮಂಡಳಿಗೆ 5,000 ಕೋಟಿ ರೂಪಾಯಿ ಘೋಷಿಸಿತು. ನಮ್ಮ ಏಳು ಜಿಲ್ಲೆಗಳ ಮಟ್ಟಿಗೆ ಅದು ಸಣ್ಣ ಮೊತ್ತ ಅಲ್ಲ. ಅಷ್ಟು ಹಣದಲ್ಲಿ ನೂರಕ್ಕೆ ಒಂದು ರೂಪಾಯಿ ಅಂದರೆ 50 ಕೋಟಿ. ಅದನ್ನು ಎರಡು ಕೆಲಸಕ್ಕೆ ಮೀಸಲಿಡಿ. ಮಂಡಳಿಯ ದುಡ್ಡಿನಿಂದ ಜನರ ಬದುಕಿನಲ್ಲಿ ಏನು ಬದಲಾಯಿತು ಅಂತ ಪ್ರತಿವರ್ಷ ಪರೀಕ್ಷಿಸಿ ನೋಡುವುದು ಒಂದು. ಸರ್ಕಾರಿ ಕೆಲಸವನ್ನು ಬೇರೆ ರೀತಿಯಲ್ಲಿ ಮಾಡಿದರೆ ಚೆನ್ನಾಗಿ ನಡೆಯುತ್ತದಾ ಅಂತ ಕೆಲವು ಪಂಚಾಯಿತಿಗಳಲ್ಲಿ ಪ್ರಯೋಗ ಮಾಡುವುದು ಇನ್ನೊಂದು. ಆ ಅಧ್ಯಯನ ಇಲ್ಲಿಯ ವಿಶ್ವವಿದ್ಯಾಲಯ, ಕಾಲೇಜುಗಳಿಂದಲೇ ಆಗಲಿ. ಅದರ ಫಲಿತಾಂಶ ಕನ್ನಡದಲ್ಲಿ ಎಲ್ಲರ ಕೈಗೂ ಸಿಗಲಿ.

ನಾನು ಕಲಬುರಗಿ ಜಿಲ್ಲೆಯವನು. ಹಳ್ಳಿ, ತಾಂಡಾಗಳಿಗೆ ಹೋಗಿ ಮನೆ ಮನೆ ಸಮೀಕ್ಷೆ ಮಾಡುವುದು ನನ್ನ ಕೆಲಸ. ಯಾರದೋ ಅಧ್ಯಯನಕ್ಕೆ, ಯಾವುದೋ ಯೋಜನೆಗೆ ಮಾಹಿತಿ ತರುವವನು ನಾನು. ತಂದ ಮಾಹಿತಿ ಎಲ್ಲಿಗೆ ಹೋಯಿತು, ಅದರಿಂದ ಏನಾಯಿತು ಅಂತ ಆ ಊರಿನವರು ಕೇಳಿದರೆ ಹೇಳುವುದಕ್ಕೆ ನನ್ನ ಹತ್ತಿರ ಹೆಚ್ಚಿನ ಸಲ ಏನೂ ಇರುವುದಿಲ್ಲ. ಈ ಪತ್ರ ಬರೆಯುವುದಕ್ಕೆ ಮುಖ್ಯ ಕಾರಣವೇ ಅದು.

ನಮ್ಮ ಭಾಗ ಹಿಂದುಳಿದಿದೆ ಅನ್ನುವುದನ್ನು ಘೋಷಣೆ ಕೂಗಿ ಯಾರೂ ಸಾಬೀತು ಮಾಡಲಿಲ್ಲ. ಅದನ್ನು ಸಾಬೀತು ಮಾಡಿದ್ದು ಒಂದು ಅಧ್ಯಯನ. ಯಾವ ಭಾಗ ಎಷ್ಟು ಹಿಂದುಳಿದಿದೆ ಅಂತ ನೋಡಲು 2000ದಲ್ಲಿ ಸರ್ಕಾರ ಅರ್ಥಶಾಸ್ತ್ರಜ್ಞ ಡಾ. ಡಿ.ಎಂ. ನಂಜುಂಡಪ್ಪ ಅವರ ಅಧ್ಯಕ್ಷತೆಯಲ್ಲಿ ಉನ್ನತಾಧಿಕಾರ ಸಮಿತಿ ಮಾಡಿತು. 2002ರ ಜೂನ್‌ನಲ್ಲಿ ವರದಿ ಬಂತು. ಆಗ ರಾಜ್ಯದಲ್ಲಿದ್ದ 175 ತಾಲ್ಲೂಕುಗಳನ್ನು 35 ಮಾನದಂಡಗಳಿಂದ ಅಳೆದು, ಪ್ರತಿ ತಾಲ್ಲೂಕಿಗೂ ಒಂದು ಸೂಚ್ಯಂಕ ಕೊಟ್ಟರು. ರಾಜ್ಯದ ಸರಾಸರಿಯನ್ನು 1 ಅಂತ ಹಿಡಿದರು. ಅದಕ್ಕಿಂತ ಕೆಳಗಿದ್ದವು 114 ತಾಲ್ಲೂಕು. ಅದರಲ್ಲಿ 39 ಅತ್ಯಂತ ಹಿಂದುಳಿದವು, 40 ಅತಿ ಹಿಂದುಳಿದವು, 35 ಹಿಂದುಳಿದವು. ಆ 39ರಲ್ಲಿ 21 ತಾಲ್ಲೂಕು ನಮ್ಮ ವಿಭಾಗದವೇ. ಆಳಂದ, ಚಿಂಚೋಳಿ, ಜೇವರ್ಗಿ, ಸುರಪುರ, ದೇವದುರ್ಗ ಎಲ್ಲ ಅದರಲ್ಲಿ ಸೇರಿವೆ. ಆಗಿನ ಗುಲಬರ್ಗಾ ವಿಭಾಗದ 31 ತಾಲ್ಲೂಕುಗಳಲ್ಲಿ ಹಿಂದುಳಿದ ಪಟ್ಟಿಯಿಂದ ಹೊರಗಿದ್ದವು ಬರೀ ಮೂರು.

ಇದರಲ್ಲಿ ಇನ್ನೊಂದು ಮುಖ್ಯ ಸಂಗತಿ ಇದೆ. ಹಿಂದುಳಿದ 114ರಲ್ಲಿ 55 ತಾಲ್ಲೂಕು ದಕ್ಷಿಣ ಕರ್ನಾಟಕದವು. ಅಂದರೆ ನಂಜುಂಡಪ್ಪನವರು ಉತ್ತರ-ದಕ್ಷಿಣ ಅಂತ ಜಗಳ ಹಚ್ಚಲಿಲ್ಲ. ಎಲ್ಲಿ ಕಷ್ಟ ಇದೆಯೋ ಅಲ್ಲಿ ಬೆರಳಿಟ್ಟು ತೋರಿಸಿದರು. ಎಂಟು ವರ್ಷಕ್ಕೆ 31,000 ಕೋಟಿ ರೂಪಾಯಿಯ ವಿಶೇಷ ಅಭಿವೃದ್ಧಿ ಯೋಜನೆ ಸೂಚಿಸಿದರು. ಅದು ಜಾರಿಗೆ ಬಂದದ್ದು 2007-08ರಲ್ಲಿ. ತಡವಾದರೂ ಬಂತು. ಅದಕ್ಕೆ ಅಂಕಿಅಂಶದ ಬಲ ಇತ್ತು. ಅಂಕಿಅಂಶ ಇಲ್ಲದಿದ್ದರೆ ಅದೂ ಒಂದು ಭಾಷಣವಾಗಿ ಮುಗಿಯುತ್ತಿತ್ತು.

ಆಮೇಲೆ ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371ಜೆ ವಿಧಿ ಬಂತು. ವೈಜನಾಥ ಪಾಟೀಲರಂಥವರು ಅದಕ್ಕಾಗಿ ವರ್ಷಗಟ್ಟಲೆ ಹೋರಾಡಿದರು. ಸಂವಿಧಾನದ 98ನೇ ತಿದ್ದುಪಡಿ 2012ರ ಡಿಸೆಂಬರ್‌ನಲ್ಲಿ ಸಂಸತ್ತಿನಲ್ಲಿ ಪಾಸಾಯಿತು. 2013ರಲ್ಲಿ ಮಂಡಳಿ ಹುಟ್ಟಿತು. ಆ ವಿಧಿಯಲ್ಲಿ ಉದ್ಯೋಗ ಮತ್ತು ಸೀಟುಗಳ ಮೀಸಲಾತಿ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಮೊದಲ ಸಾಲಿನಲ್ಲೇ ಇರುವ ಇನ್ನೊಂದು ಮಾತನ್ನು ಯಾರೂ ಅಷ್ಟಾಗಿ ಎತ್ತುವುದಿಲ್ಲ. ಮಂಡಳಿಯ ಕಾರ್ಯವೈಖರಿಯ ಬಗ್ಗೆ ಪ್ರತಿವರ್ಷ ವಿಧಾನಸಭೆಯ ಮುಂದೆ ವರದಿ ಇಡಬೇಕು ಅಂತ ಅಲ್ಲಿ ಬರೆದಿದೆ. ನಾನು ಕೇಳುತ್ತಿರುವುದು ಹೊಸದೇನಲ್ಲ. ಆ ವರದಿ ಎಷ್ಟು ಕಾಮಗಾರಿ, ಎಷ್ಟು ಕೋಟಿ ಅನ್ನುವುದರ ಜೊತೆಗೆ, ಎಷ್ಟು ಮಕ್ಕಳಿಗೆ ಓದು ಬಂತು, ಎಷ್ಟು ಬಾಣಂತಿಯರಿಗೆ ತಮ್ಮ ತಾಲ್ಲೂಕಿನಲ್ಲೇ ಡಾಕ್ಟರ್ ಸಿಕ್ಕರು, ಎಷ್ಟು ಕುಟುಂಬ ಕೂಲಿಗಾಗಿ ದೂರದ ಊರಿಗೆ ಗುಳೆ ಹೋಗುವುದನ್ನು ಬಿಟ್ಟವು ಅಂತಲೂ ಹೇಳಲಿ.

ನಂಜುಂಡಪ್ಪ ಸೂಚ್ಯಂಕದ ಮೇಲೆ ನನಗೆ ಅಪಾರ ಗೌರವ ಇದೆ. ಆದರೆ ಅದಕ್ಕೆ ಎರಡು ದಶಕಕ್ಕೂ ಹೆಚ್ಚು ವಯಸ್ಸಾಯಿತು. ಲಕ್ಷ ಜನಕ್ಕೆ ಎಷ್ಟು ಟೆಲಿಫೋನ್ ಇವೆ, ಎಷ್ಟು ಅಂಚೆ ಕಚೇರಿ ಇವೆ ಅನ್ನುವುದೂ ಅದರಲ್ಲಿ ಮಾನದಂಡ. ಈಗ ತಾಂಡಾದ ಪ್ರತಿ ಮನೆಯಲ್ಲೂ ಮೊಬೈಲ್ ಇದೆ. ಆಗಿನ 175 ತಾಲ್ಲೂಕು ಒಡೆದು ಈಗ ಎಷ್ಟೋ ಹೊಸ ತಾಲ್ಲೂಕುಗಳಾಗಿವೆ. ಯಾದಗಿರಿ, ವಿಜಯನಗರ ಜಿಲ್ಲೆಗಳು ಆಗ ಇರಲೇ ಇಲ್ಲ. ಆದರೂ ತಾಲ್ಲೂಕುಗಳಿಗೆ ಹಣ ಹಂಚುವಾಗ ಆ ಹಳೇ ಸೂಚ್ಯಂಕವನ್ನೇ ಆಧಾರವಾಗಿ ಹಿಡಿಯುತ್ತಾ ಬಂದಿದ್ದೇವೆ. 2024ರಲ್ಲಿ ಪ್ರೊ. ಎಂ. ಗೋವಿಂದ ರಾವ್ ಅವರ ಅಧ್ಯಕ್ಷತೆಯಲ್ಲಿ ಸರ್ಕಾರ ಹೊಸ ಸಮಿತಿ ಮಾಡಿದ್ದು ಒಳ್ಳೆಯ ಕೆಲಸ. ಆದರೆ ಇಪ್ಪತ್ತು ವರ್ಷಕ್ಕೊಮ್ಮೆ ಒಂದು ದೊಡ್ಡ ಸಮಿತಿ ಬಂದು ಅಳೆದು ಹೋದರೆ ಸಾಲದು. ನಡುವಿನ ಇಪ್ಪತ್ತು ವರ್ಷದಲ್ಲಿ ಒಂದು ಪೀಳಿಗೆಯ ಮಕ್ಕಳು ಹುಟ್ಟಿ, ಶಾಲೆ ಬಿಟ್ಟು, ಬೆಂಗಳೂರಿನ ಶೆಡ್ಡುಗಳಿಗೆ ಹೋಗಿ ಸೇರಿರುತ್ತಾರೆ.

ಅಳೆಯುವ ರೀತಿಯ ಬಗ್ಗೆ ಇನ್ನೂ ಒಂದು ತಕರಾರು ಇದೆ. ಕುಡಿಯುವ ನೀರನ್ನೇ ತೆಗೆದುಕೊಳ್ಳಿ. ತಲೆಗೆ ದಿನಕ್ಕೆ 40 ಲೀಟರ್ ನೀರು ಸಿಗುವ ಹಳ್ಳಿಗಳೆಷ್ಟು ಅಂತ ನಂಜುಂಡಪ್ಪ ವರದಿ ಲೆಕ್ಕ ಹಾಕಿತ್ತು. ಆ ಕಾಲಕ್ಕೆ ಅದೇ ದೊಡ್ಡ ಪ್ರಶ್ನೆ. ಆದರೆ ಸುರಪುರ ತಾಲ್ಲೂಕಿನಲ್ಲಿ, ರಾಯಚೂರಿನ ಚಿನ್ನದ ಗಣಿ ಪಟ್ಟಿಯ ಹಳ್ಳಿಗಳಲ್ಲಿ ಬೋರ್‌ವೆಲ್ ನೀರಿನಲ್ಲಿ ಆರ್ಸೆನಿಕ್ ಇರುವುದು ಆಮೇಲೆ ಗೊತ್ತಾಯಿತು. ಅಂಥ ಊರಿನಲ್ಲಿ ನೀರು ಎಷ್ಟು ಸಿಗುತ್ತದೆ ಅಂತ ಬರೆದರೆ ಕಾಗದದ ಮೇಲೆ ಎಲ್ಲ ಸರಿ ಇರುತ್ತದೆ. ಜನ ಮಾತ್ರ ಚರ್ಮದ ಮೇಲೆ ಕಪ್ಪು ಕಲೆ ಹೊತ್ತುಕೊಂಡು ಓಡಾಡುತ್ತಾರೆ. ಶುದ್ಧ ಕುಡಿಯುವ ನೀರಿನ ಘಟಕಗಳದ್ದೂ ಅದೇ ಕತೆ. ಎಷ್ಟು ಘಟಕ ಹಾಕಿದೆವು ಅನ್ನುವ ಲೆಕ್ಕ ಇದೆ. ಕಳೆದ ತಿಂಗಳು ಎಷ್ಟು ದಿನ ಆ ಘಟಕದಿಂದ ನೀರು ಬಂತು ಅಂತ ಕೇಳಿದರೆ ಉತ್ತರ ಹೇಳುವವರು ಊರಿನ ಹೆಂಗಸರು. ಅವರನ್ನು ಕೇಳುವ ಕಾಲಂ ನಮ್ಮ ಫಾರಂಗಳಲ್ಲಿ ಇರುವುದಿಲ್ಲ.

ಒಂದು ಊರಿನಲ್ಲಿ ಹೊಸ ಆರೋಗ್ಯ ಕೇಂದ್ರದ ಕಟ್ಟಡ ತೋರಿಸಿ ಒಬ್ಬ ಅಜ್ಜಿ ಹೇಳಿದ್ದು: “ಬಿಲ್ಡಿಂಗ್ ಚಂದ ಆಗೇದ್ರಿ. ಒಳಗ ಡಾಕ್ಟರ್ ಯಾವಾಗ ಬರ್ತಾರ ಕೇಳ್ರಿ.” ನನ್ನ ಫಾರಂನಲ್ಲಿ ಆ ಪ್ರಶ್ನೆಗೆ ಜಾಗ ಇರಲಿಲ್ಲ. ಆರೋಗ್ಯ ಕೇಂದ್ರ ಇದೆಯೇ, ಹೌದು ಅಥವಾ ಇಲ್ಲ, ಅಷ್ಟೇ ಇತ್ತು. ಹೌದು ಅಂತ ಬರೆದುಕೊಂಡು ಬಂದೆ.

ಡಾಕ್ಟರ ವಿಷಯ ಬಂದದ್ದರಿಂದ ದೂರದ ಒಂದು ಉದಾಹರಣೆ ಹೇಳುತ್ತೇನೆ. ನಾರ್ವೆ ದೇಶದ ಉತ್ತರ ತುದಿ ತುಂಬ ಚಳಿಯ, ಜನ ಕಡಿಮೆ ಇರುವ ನಾಡು. ಅಲ್ಲಿಗೂ ಡಾಕ್ಟರು, ಶಿಕ್ಷಕರು ಬರುತ್ತಿರಲಿಲ್ಲ. ಬಂದವರು ನಿಲ್ಲುತ್ತಿರಲಿಲ್ಲ. ಅವರು ಎರಡು ಕೆಲಸ ಮಾಡಿದರು. 1968ರಲ್ಲಿ ಉತ್ತರದ ಟ್ರೋಮ್ಸೋ ಊರಿನಲ್ಲಿಯೇ ವಿಶ್ವವಿದ್ಯಾಲಯ ಮಾಡಲು ಸಂಸತ್ತು ತೀರ್ಮಾನಿಸಿತು. ಉತ್ತರದ ಮಕ್ಕಳನ್ನು ಅಲ್ಲೇ ಡಾಕ್ಟರು ಮಾಡುವುದು ಅದರ ಒಂದು ದೊಡ್ಡ ಉದ್ದೇಶ. 1990ರಲ್ಲಿ ಫಿನ್‌ಮಾರ್ಕ್ ಮತ್ತು ಉತ್ತರ ಟ್ರೋಮ್ಸ್ ಪ್ರದೇಶಕ್ಕೆ ವಿಶೇಷ ವಲಯ ಮಾಡಿದರು. ಅಲ್ಲಿ ಬಂದು ಕೆಲಸ ಮಾಡುವವರ ಶಿಕ್ಷಣ ಸಾಲದಲ್ಲಿ ವರ್ಷ ವರ್ಷ ಒಂದಿಷ್ಟು ಮನ್ನಾ, ತೆರಿಗೆಯಲ್ಲಿ ರಿಯಾಯಿತಿ. ಮುಖ್ಯವಾದ ಮಾತು ಏನೆಂದರೆ, ಸೌಲಭ್ಯ ಕೊಟ್ಟು ಅವರು ಸುಮ್ನೆ ಕೂರಲಿಲ್ಲ. ಯಾರು ಬಂದರು, ಎಷ್ಟು ವರ್ಷ ನಿಂತರು, ಯಾಕೆ ನಿಂತರು, ಯಾಕೆ ಹೋದರು ಅಂತ ಉತ್ತರದ ಸಂಶೋಧಕರೇ ಬೆನ್ನು ಹತ್ತಿ ಅಧ್ಯಯನ ಮಾಡುತ್ತಾ ಬಂದರು. ಅದರಲ್ಲಿ ಒಂದು ಸಂಗತಿ ಗಟ್ಟಿಯಾಗಿ ಹೊರಬಂತು. ಉತ್ತರದಲ್ಲೇ ಹುಟ್ಟಿ ಉತ್ತರದಲ್ಲೇ ಓದಿದವರು ಅಲ್ಲಿ ನಿಲ್ಲುವುದು ಜಾಸ್ತಿ.

ನಮ್ಮಲ್ಲೂ ಅರ್ಧ ಕೆಲಸ ಆಗಿದೆ. ಕಲಬುರಗಿ, ರಾಯಚೂರು, ಬೀದರ್, ಕೊಪ್ಪಳ, ಯಾದಗಿರಿ, ಬಳ್ಳಾರಿಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಇವೆ. 371ಜೆ ಪ್ರಕಾರ ಈ ಭಾಗದ ಕಾಲೇಜುಗಳಲ್ಲಿ ನೂರಕ್ಕೆ 70 ಸೀಟು ಇಲ್ಲಿಯ ಮಕ್ಕಳಿಗೆ, ಹೊರಗಿನ ಕಾಲೇಜುಗಳಲ್ಲಿ ನೂರಕ್ಕೆ 8. ಎಷ್ಟೋ ಬಡ ಮನೆಗಳಿಂದ ಡಾಕ್ಟರು ಹೊರಬಂದಿದ್ದಾರೆ. ನಾನು ಅಂಥವರ ಮನೆಗಳಿಗೆ ಹೋಗಿದ್ದೇನೆ. ಆ ತಂದೆ ತಾಯಿಯ ಮುಖದ ಖುಷಿ ನೋಡಿದರೆ 371ಜೆಗಾಗಿ ಹೋರಾಡಿದವರಿಗೆ ಕೈ ಮುಗಿಯಬೇಕು ಅನ್ನಿಸುತ್ತದೆ. ಇನ್ನುಳಿದ ಅರ್ಧ ಕೆಲಸ ಮಂಡಳಿಯದು. ಹಾಗೆ ಸೀಟು ಪಡೆದು ಓದಿದವರಲ್ಲಿ ಐದು ವರ್ಷದ ನಂತರ ಎಷ್ಟು ಜನ ಈ ಏಳು ಜಿಲ್ಲೆಗಳಲ್ಲಿ ಕೆಲಸ ಮಾಡುತ್ತಿದ್ದಾರೆ? ಹೋದವರು ಯಾಕೆ ಹೋದರು? ಸಂಬಳವೋ, ಮಕ್ಕಳ ಶಾಲೆಯೋ, ಇರುವುದಕ್ಕೆ ಮನೆ ಇಲ್ಲದ್ದೋ, ಜೊತೆಗೆ ಇನ್ನೊಬ್ಬ ಡಾಕ್ಟರು ಇಲ್ಲದ ಒಂಟಿತನವೋ? ಒಂದೊಂದು ಕಾರಣಕ್ಕೂ ಬೇರೆ ಬೇರೆ ಪರಿಹಾರ. ಕಾರಣ ಗೊತ್ತಿಲ್ಲದೆ ಕ್ವಾರ್ಟರ್ಸ್ ಕಟ್ಟಿದರೆ ಅದು ಖಾಲಿ ಬೀಳುತ್ತದೆ.

ಶಾಲೆಗಳ ವಿಷಯ ಇನ್ನೂ ನೋವಿನದು. 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ನೂರಕ್ಕೆ 51.83, ಹೆಣ್ಣುಮಕ್ಕಳದ್ದು 41.38. ದಕ್ಷಿಣ ಕನ್ನಡದ್ದು 88.57. 2025ರ ಎಸ್ಸೆಸ್ಸೆಲ್ಸಿಯಲ್ಲಿ ದಕ್ಷಿಣ ಕನ್ನಡ ನೂರಕ್ಕೆ 91.12 ಪಡೆದು ಮೊದಲು ಬಂತು, ಕಲಬುರಗಿ 42.43 ಪಡೆದು ಕೊನೆಗೆ ನಿಂತಿತು. 2024ರಲ್ಲಿ ಕೊನೆಯ ಸ್ಥಾನ ಯಾದಗಿರಿಯದ್ದು. ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಶುರು ಮಾಡಿದ್ದು 2024ರಲ್ಲಿ. ಅದು ನಮ್ಮ ಮಕ್ಕಳ ನಿಜವಾದ ಸ್ಥಿತಿಯನ್ನು ಬಯಲಿಗೆ ತಂದಿತು. ನೋಡಲು ಕಷ್ಟವಾದರೂ ನಾನು ಅದನ್ನು ಒಳ್ಳೆಯದೇ ಅನ್ನುತ್ತೇನೆ.

ಆದರೆ ಫಲಿತಾಂಶ ಬಂದ ಮೇಲೆ ಪ್ರತಿವರ್ಷ ಏನಾಗುತ್ತದೆ? ಸಭೆ ಆಗುತ್ತದೆ. ಮುಖ್ಯಶಿಕ್ಷಕರಿಗೆ ನೋಟಿಸ್ ಹೋಗುತ್ತದೆ. ಹತ್ತನೇ ತರಗತಿಗೆ ಬೆಳಗ್ಗೆ, ಸಂಜೆ ವಿಶೇಷ ತರಗತಿ. ಮಗು ಹಿಂದೆ ಬಿದ್ದದ್ದು ಹತ್ತನೇ ತರಗತಿಯಲ್ಲಾ? ನಾನು ಮನೆಗಳಲ್ಲಿ ನೋಡಿದ ಹಾಗೆ, ಮೂರನೇ, ನಾಲ್ಕನೇ ತರಗತಿಯಲ್ಲೇ ಓದು ಕೈಬಿಟ್ಟಿರುತ್ತದೆ. ಅಪ್ಪ ಅಮ್ಮನ ಜೊತೆ ನಾಲ್ಕು ತಿಂಗಳು ಗುಳೆ ಹೋದ ವರ್ಷವೇ ಅದು. ತಿರುಗಿ ಬಂದಾಗ ಪುಸ್ತಕ ಮುಂದೆ ಹೋಗಿರುತ್ತದೆ. ಮೇಷ್ಟ್ರು ಒಬ್ಬರೇ, ತರಗತಿಗಳು ಹಲವು. ಮಗು ಹಿಂದಿನ ಸಾಲಿನಲ್ಲಿ ಕೂತು ಬಾಯಿ ಮುಚ್ಚಿಕೊಳ್ಳುತ್ತದೆ. ಮನೆಯಲ್ಲಿ ಲಂಬಾಣಿ ಮಾತಾಡುವ ಮಗುವಿಗಂತೂ ಮೊದಲ ದಿನದಿಂದಲೇ ಶಾಲೆಯ ಕನ್ನಡ ಹೊಸದು. ಆ ಮಗುವಿಗೆ ಏಳು ವರ್ಷದ ನಂತರ ಸಂಜೆ ಪಾಠ ಮಾಡಿ ಪ್ರಯೋಜನ ಎಷ್ಟು?

ಇದು ನನ್ನ ಅನುಭವದ ಮಾತು. ಅನುಭವ ತಪ್ಪೂ ಇರಬಹುದು. ಅದಕ್ಕೇ ಅಧ್ಯಯನ ಬೇಕು. ಸಾವಿರ ಮಕ್ಕಳನ್ನು ಒಂದನೇ ತರಗತಿಯಿಂದ ಹಿಡಿದು ವರ್ಷ ವರ್ಷ ಗಮನಿಸುತ್ತಾ ಹೋದರೆ, ಯಾರು ಯಾವ ತರಗತಿಯಲ್ಲಿ, ಯಾವ ಕಾರಣಕ್ಕೆ ಹಿಂದೆ ಬಿದ್ದರು ಅಂತ ನಿಖರವಾಗಿ ಗೊತ್ತಾಗುತ್ತದೆ. ಗುಲಬರ್ಗಾ ವಿಶ್ವವಿದ್ಯಾಲಯ, ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯ, ಊರೂರಿನ ಬಿ.ಎಡ್ ಕಾಲೇಜುಗಳು ಸೇರಿದರೆ ಇದು ಕಷ್ಟದ ಕೆಲಸವೇ ಅಲ್ಲ. ನಮ್ಮ ಎಂ.ಎ. ಓದುವ ಮಕ್ಕಳು ಎಲ್ಲಿಂದಲೋ ನಕಲು ಮಾಡಿದ ಪ್ರಬಂಧ ಒಪ್ಪಿಸುವ ಬದಲು ತಮ್ಮ ಊರಿನ ಶಾಲೆಯ ಬಗ್ಗೆ ಒಂದು ನಿಜವಾದ ಅಧ್ಯಯನ ಮಾಡಿ ಒಪ್ಪಿಸಲಿ.

ಗುಳೆಯ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ನಮ್ಮ ಭಾಗದ ಎಲ್ಲ ಲೆಕ್ಕವೂ ಅಲ್ಲಿಗೆ ಬಂದು ತಪ್ಪುತ್ತದೆ. ದೀಪಾವಳಿ ಮುಗಿಯುತ್ತಲೇ ಭೂಮಿ ಇಲ್ಲದವರು ಹೊರಡುತ್ತಾರೆ. ತೊಗರಿ ರಾಶಿ ಆದ ಮೇಲೆ ಒಂದೆರಡು ಎಕರೆ ಇದ್ದವರೂ ಹೊರಡುತ್ತಾರೆ. ಬೆಂಗಳೂರು, ಪುಣೆ, ಮುಂಬೈ, ಹೈದರಾಬಾದ್. ಕೆಲವರು ಮೇಸ್ತ್ರಿಯ ಹತ್ತಿರ ಮುಂಗಡ ತೆಗೆದುಕೊಂಡೇ ಹೊರಟಿರುತ್ತಾರೆ. ಯುಗಾದಿಗೆ ಕೆಲವರು ಬರುತ್ತಾರೆ, ಉಳಿದವರು ಮುಂಗಾರಿಗೆ. ಫೆಬ್ರುವರಿಯಲ್ಲಿ ತಾಂಡಾಗೆ ಹೋದರೆ ಮುದುಕರು, ಸಣ್ಣ ಮಕ್ಕಳು, ಬೀಗ ಹಾಕಿದ ಮನೆಗಳು.

ಮುಂದಿನ ಜನಗಣತಿಯ ಆಧಾರ ದಿನ 2027ರ ಮಾರ್ಚ್ 1. ತಲೆ ಎಣಿಸುವ ಕೆಲಸ ಅದಕ್ಕೆ ಹೊಂದಿಕೊಂಡ ಫೆಬ್ರುವರಿಯಲ್ಲಿ. ಅಂದರೆ ನಮ್ಮ ಊರುಗಳು ಅತಿ ಹೆಚ್ಚು ಖಾಲಿ ಇರುವ ಹೊತ್ತಿನಲ್ಲಿ. ಗುಳೆ ಹೋದವರನ್ನು ಬೆಂಗಳೂರಿನ ಕಟ್ಟಡದ ಜಾಗದಲ್ಲಿ ಎಣಿಸಿದರೆ ಎಣಿಸಿದರು, ಇಲ್ಲದಿದ್ದರೆ ಎರಡೂ ಕಡೆ ಬಿಟ್ಟುಹೋದರು. ಆ ಸಂಖ್ಯೆಯನ್ನೇ ಹಿಡಿದು ಮುಂದಿನ ಹತ್ತು ವರ್ಷ ಅಂಗನವಾಡಿ, ಆರೋಗ್ಯ ಕೇಂದ್ರ, ಪಡಿತರ, ಅನುದಾನ ಎಲ್ಲ ಲೆಕ್ಕ ಹಾಕುತ್ತಾರೆ. ಜನಗಣತಿಯ ದಿನ ಬದಲಿಸಿ ಅಂತ ನಾನು ಕೇಳುತ್ತಿಲ್ಲ. ಅದು ಮಂಡಳಿಯ ಕೈಯಲ್ಲಿಲ್ಲ. ಅದರ ಜೊತೆಯಲ್ಲೇ ಮಂಡಳಿ ತನ್ನದೇ ಒಂದು ಗುಳೆ ಲೆಕ್ಕ ಮಾಡಿಸಲಿ. ಗ್ರಾಮ ಪಂಚಾಯಿತಿ, ಆಶಾ ಕಾರ್ಯಕರ್ತೆ, ಅಂಗನವಾಡಿ ಕಾರ್ಯಕರ್ತೆ, ಈ ಮೂವರಿಗೆ ಯಾವ ಮನೆಯವರು ಯಾವ ತಿಂಗಳು ಎಲ್ಲಿಗೆ ಹೋದರು ಅಂತ ಬಾಯಿಪಾಠ ಬರುತ್ತದೆ. ಅದನ್ನು ಬರೆದಿಡುವ ಒಂದು ವಹಿ ಬೇಕು. ಆ ಕೆಲಸಕ್ಕೆ ಅವರಿಗೆ ಸರಿಯಾದ ಗೌರವಧನವೂ ಬೇಕು. ಈಗಲೇ ಆ ಹೆಣ್ಣುಮಕ್ಕಳ ಮೇಲೆ ಹೊರಿಸಿರುವ ಕೆಲಸ ಹೆಚ್ಚಾಗಿದೆ.

ಹಾಗೆ ಲೆಕ್ಕ ಸಿಕ್ಕಿತು ಅಂತಿಟ್ಟುಕೊಳ್ಳಿ. ಮುಂದೇನು? ಅಲ್ಲಿ ಪ್ರಯೋಗದ ಮಾತು ಬರುತ್ತದೆ. ಮೂವತ್ತು ಪಂಚಾಯಿತಿಗಳಲ್ಲಿ ಹೋಗುವ ಕುಟುಂಬದ ಮಕ್ಕಳಿಗೆ ಊರಲ್ಲೇ ಋತುಮಾನದ ವಸತಿ ನಿಲಯ ಮಾಡಿ ಅಜ್ಜ ಅಜ್ಜಿಯರ ಕಣ್ಣೆದುರು ಉಳಿಸಿಕೊಳ್ಳಿ. ಇನ್ನು ಮೂವತ್ತರಲ್ಲಿ ಮಕ್ಕಳು ಅಪ್ಪ ಅಮ್ಮನ ಜೊತೆಗೇ ಹೋಗಲಿ, ಆದರೆ ಹೋಗುವ ಊರಿನ ಶಾಲೆಗೆ ಮೊದಲೇ ಮಾಹಿತಿ ಹೋಗಿ ಅಲ್ಲಿ ಅವರಿಗೆ ಜಾಗ ಸಿಗುವ ವ್ಯವಸ್ಥೆ ಮಾಡಿ. ಎರಡು ವರ್ಷ ನೋಡಿ. ಯಾವ ಮಕ್ಕಳಿಗೆ ಓದು ಉಳಿಯಿತೋ ಆ ದಾರಿಗೆ ದೊಡ್ಡ ಹಣ ಹಾಕಿ. ಹೊಸ ತಳಿಯ ತೊಗರಿ ಬಂದರೆ ನಮ್ಮ ರೈತ ಇಡೀ ಹೊಲಕ್ಕೆ ಬಿತ್ತುವುದಿಲ್ಲ, ಒಂದು ಮೂಲೆಯಲ್ಲಿ ಹಾಕಿ ನೋಡುತ್ತಾನೆ. ಸರ್ಕಾರದ ಯೋಜನೆಗಳು ಮಾತ್ರ ಒಂದೇ ಸಲಕ್ಕೆ ಇಡೀ ವಿಭಾಗಕ್ಕೆ ಬೀಳುತ್ತವೆ.

ಸರ್ಕಾರದಲ್ಲಿ ಹೊಸತನ ಸಾಧ್ಯವೇ ಇಲ್ಲ ಅನ್ನುವವರಿದ್ದಾರೆ. ಕರ್ನಾಟಕದ ಮಟ್ಟಿಗೆ ಆ ಮಾತು ಸುಳ್ಳು. ನಲಿ-ಕಲಿ ಹುಟ್ಟಿದ್ದು 1995ರ ಸುಮಾರಿಗೆ ಹೆಗ್ಗಡದೇವನಕೋಟೆಯಲ್ಲಿ, ಸರ್ಕಾರಿ ಶಾಲೆಯ ಮೇಷ್ಟ್ರುಗಳ ಕೈಯಲ್ಲಿ. ಮಗು ತನ್ನ ವೇಗದಲ್ಲಿ ಕಲಿಯಲಿ ಅನ್ನುವ ಆ ಪದ್ಧತಿ ಒಂದು ತಾಲ್ಲೂಕಿನಿಂದ ರಾಜ್ಯಕ್ಕೆಲ್ಲ ಹಬ್ಬಿತು. ಜಮೀನಿನ ದಾಖಲೆಗಳನ್ನು ಕಂಪ್ಯೂಟರಿಗೆ ಹಾಕಿದ ‘ಭೂಮಿ’ ಯೋಜನೆ ಬರುವ ಮುಂಚೆ ಪಹಣಿಗಾಗಿ ರೈತ ಎಷ್ಟು ಅಲೆಯುತ್ತಿದ್ದ ಅಂತ ನಿಮಗೆ ಹೇಳಬೇಕಾಗಿಲ್ಲ. 2011ರ ಸಕಾಲ ಕಾಯ್ದೆ ಪ್ರತಿ ಕೆಲಸಕ್ಕೂ ಇಷ್ಟು ದಿನ ಅಂತ ಗಡುವು ಹಾಕಿತು. ಅದರಲ್ಲೂ ಒಂದು ತೂತು ಇದೆ. ಅರ್ಜಿ ತೆಗೆದುಕೊಂಡ ಮೇಲೆ ತಾನೇ ದಿನ ಎಣಿಸುವುದು? ‘ನಾಳೆ ಬಾ, ಸರ್ವರ್ ಇಲ್ಲ’ ಅಂತ ಕಿಟಕಿಯಿಂದಲೇ ವಾಪಸ್ ಕಳಿಸಿದವರು ಯಾವ ಲೆಕ್ಕದಲ್ಲೂ ಇಲ್ಲ. ಓದು ಬರಹ ಕಡಿಮೆ ಇರುವ ನಮ್ಮ ಜಿಲ್ಲೆಗಳಲ್ಲಿ ಅಂಥವರು ಜಾಸ್ತಿ. ರಾಜ್ಯಕ್ಕೆಲ್ಲ ಒಳ್ಳೆಯದಾದ ಒಂದು ವ್ಯವಸ್ಥೆ ಇಲ್ಲಿ ಹೇಗೆ ನಡೆಯುತ್ತಿದೆ ಅಂತ ಬೇರೆಯಾಗಿ ನೋಡಬೇಕು ಅನ್ನುವುದಕ್ಕೆ ಇದೊಂದು ಉದಾಹರಣೆ.

ನನಗೆ ತುಂಬ ಇಷ್ಟವಾದದ್ದು ಪಂಚಾಯಿತಿ ಗ್ರಂಥಾಲಯಗಳ ಬದಲಾವಣೆ. 2019ರಲ್ಲಿ ಅವು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. 2020ರಲ್ಲಿ ‘ಓದುವ ಬೆಳಕು’ ಶುರುವಾಯಿತು, ಮಕ್ಕಳಿಗೆ ಪುಕ್ಕಟೆ ಸದಸ್ಯತ್ವ ಸಿಕ್ಕಿತು. ಐದು ಸಾವಿರಕ್ಕೂ ಹೆಚ್ಚು ಪಂಚಾಯಿತಿಗಳಲ್ಲಿ ಧೂಳು ಹಿಡಿದ ಕೋಣೆಗಳು ಮತ್ತೆ ತೆರೆದವು. ಅದಕ್ಕೆ ಸಾವಿರಾರು ಕೋಟಿ ಬೇಕಾಗಲಿಲ್ಲ. ಇದ್ದ ಜಾಗ, ಇದ್ದ ಮೇಲ್ವಿಚಾರಕರು, ಸ್ವಲ್ಪ ಹಣ, ತುಂಬ ಆಸಕ್ತಿ, ಅಷ್ಟೇ. ಕೆಲವು ಊರುಗಳಲ್ಲಿ ಮೇಲ್ವಿಚಾರಕರು ಮಕ್ಕಳಿಗೆ ಜೋರಾಗಿ ಕತೆ ಓದಿ ಹೇಳುತ್ತಾರೆ. ಪಕ್ಕದ ಊರಿನಲ್ಲಿ ಬಾಗಿಲು ತೆರೆಯುವುದೇ ವಾರಕ್ಕೆರಡು ಸಲ. ಯಾಕೆ ಹೀಗೆ? ಗೌರವಧನವೋ, ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯ (ಪಿಡಿಒ) ಪ್ರೋತ್ಸಾಹವೋ, ಊರಿನವರ ಬೆಂಬಲವೋ? ಎರಡು ಊರನ್ನು ಪಕ್ಕ ಪಕ್ಕ ಇಟ್ಟು ನೋಡಿದರೆ ಉತ್ತರ ಸಿಗುತ್ತದೆ. 2023-24ರ ಬಜೆಟ್‌ನಲ್ಲಿ ಹೇಳಿದ 4,000 ಕೂಸಿನ ಮನೆಗಳ, ಅಂದರೆ ಕೂಲಿಗೆ ಹೋಗುವ ತಾಯಂದಿರ ಸಣ್ಣ ಮಕ್ಕಳನ್ನು ನೋಡಿಕೊಳ್ಳುವ ಕೇಂದ್ರಗಳ ಬಗ್ಗೆಯೂ ಇದೇ ಪ್ರಶ್ನೆ ಕೇಳಬಹುದು. ಕೂಸಿನ ಮನೆ ಚೆನ್ನಾಗಿ ನಡೆದ ಊರಿನಲ್ಲಿ ತಾಯಂದಿರು ಗುಳೆ ಹೋಗುವುದು ಕಡಿಮೆ ಆಯಿತಾ? ಆಗಿದ್ದರೆ ಅದು ನಮಗೆ ಬಹಳ ದೊಡ್ಡ ಸುದ್ದಿ.

ಇನ್ನು ಅಧ್ಯಯನ ಮಾಡುವ ರೀತಿಯ ಬಗ್ಗೆ ಎರಡು ಮಾತು. ಪ್ರಶ್ನಾವಳಿ ರಾಜಧಾನಿಯಲ್ಲಿ ತಯಾರಾಗುತ್ತದೆ. ಹೆಚ್ಚಿನ ಸಲ ಇಂಗ್ಲಿಷಿನಲ್ಲಿ ಬರೆದು ಕನ್ನಡಕ್ಕೆ ತಿರುಗಿಸಿದ್ದು. ಅದನ್ನು ಓದಿದರೆ ನಮ್ಮೂರಿನ ಮಂದಿಗೆ ಅರ್ಥವೇ ಆಗುವುದಿಲ್ಲ. ತಾಂಡಾದಲ್ಲಿ ಲಂಬಾಣಿ, ಬೀದರ್ ಕಡೆ ಮರಾಠಿ, ಗಡಿಯಲ್ಲಿ ತೆಲುಗು, ಊರೂರಿನಲ್ಲಿ ದಖನಿ ಉರ್ದು. ವಯಸ್ಸಾದ ಹೆಣ್ಣುಮಕ್ಕಳಿಗೆ ಅವರ ಮಾತಿನಲ್ಲಿ ಕೇಳಿದರೆ ಮಾತ್ರ ಮನಸ್ಸು ಬಿಚ್ಚುತ್ತಾರೆ. ಮನೆಯ ಗಂಡಸು ಎದುರು ನಿಂತಿದ್ದರೆ ಅದೂ ಇಲ್ಲ. ಹೆಣ್ಣುಮಕ್ಕಳನ್ನು ಕೇಳಲು ಹೆಣ್ಣುಮಕ್ಕಳೇ ಹೋಗಬೇಕು. ಆ ಊರಿನ ಓದಿದ ಹುಡುಗಿಯರಿಗೆ ತರಬೇತಿ ಕೊಟ್ಟು, ಸಂಬಳ ಕೊಟ್ಟು ಈ ಕೆಲಸ ಒಪ್ಪಿಸಿ. ಅದೇ ಒಂದು ಉದ್ಯೋಗವೂ ಆಗುತ್ತದೆ.

ಮತ್ತು ಬಂದ ಫಲಿತಾಂಶ ಊರಿಗೆ ವಾಪಸ್ ಹೋಗಬೇಕು. ಗ್ರಾಮಸಭೆಯಲ್ಲಿ ಓದಬೇಕು. ನಿಮ್ಮ ಊರಿನಲ್ಲಿ ನಾಲ್ಕನೇ ತರಗತಿಯ ಇಷ್ಟು ಮಕ್ಕಳಿಗೆ ಎರಡನೇ ತರಗತಿಯ ಪಾಠ ಓದಲು ಬರುವುದಿಲ್ಲ, ನೀರಿನ ಘಟಕ ಇಷ್ಟು ದಿನ ಕೆಟ್ಟಿತ್ತು ಅಂತ ಹೇಳಿದರೆ ಜನ ಸುಮ್ಮನಿರುವುದಿಲ್ಲ. ಅವರೇ ದಾರಿ ಹೇಳುತ್ತಾರೆ. ಎಷ್ಟೋ ಸಲ ಅದು ಅಧಿಕಾರಿಗಳಿಗೆ ಹೊಳೆಯದ ದಾರಿ ಆಗಿರುತ್ತದೆ.

ಕೇಂದ್ರದ ಮಹತ್ವಾಕಾಂಕ್ಷೆಯ ಜಿಲ್ಲೆಗಳ ಕಾರ್ಯಕ್ರಮ 2018ರಲ್ಲಿ ಶುರುವಾದಾಗ ರಾಯಚೂರು, ಯಾದಗಿರಿ ಎರಡೂ ಅದರಲ್ಲಿದ್ದವು. ಆ ಕಾರ್ಯಕ್ರಮದಲ್ಲಿ ಒಂದು ಒಳ್ಳೆಯ ಗುಣ ಇದೆ. ಜಿಲ್ಲೆ ಎಲ್ಲಿದೆ ಅನ್ನುವುದಕ್ಕಿಂತ ತಿಂಗಳಿಂದ ತಿಂಗಳಿಗೆ ಎಷ್ಟು ಮುಂದೆ ಹೋಯಿತು ಅಂತ ಅದು ನೋಡುತ್ತದೆ. ಆ ಗುಣವನ್ನು ಮಂಡಳಿ ತೆಗೆದುಕೊಳ್ಳಲಿ, ಆದರೆ ಜಿಲ್ಲೆಗೆ ನಿಲ್ಲದೆ ಪಂಚಾಯಿತಿ ಮಟ್ಟಕ್ಕೆ ಇಳಿಯಲಿ. ಜೊತೆಗೆ ಇಲಾಖೆ ತಾನೇ ಬರೆದುಕೊಂಡ ಅಂಕಿಯನ್ನು ಹೊರಗಿನವರು ಹೋಗಿ ಪರೀಕ್ಷಿಸಲಿ. ತಮ್ಮ ಕೆಲಸಕ್ಕೆ ತಾವೇ ಅಂಕ ಕೊಟ್ಟುಕೊಂಡರೆ ಯಾರೂ ಫೇಲ್ ಆಗುವುದಿಲ್ಲ, ಅಲ್ವಾ?

ನಿಮ್ಮಲ್ಲಿ ಕೆಲವರು ಹೇಳಬಹುದು: ರಸ್ತೆ ಇಲ್ಲ, ಕೊಠಡಿ ಇಲ್ಲ, ಇವರು ಅಧ್ಯಯನಕ್ಕೆ 50 ಕೋಟಿ ಕೇಳುತ್ತಿದ್ದಾರಲ್ಲ ಅಂತ. ರಸ್ತೆ ಬೇಡ ಅಂತ ನಾನು ಎಲ್ಲೂ ಹೇಳಿಲ್ಲ. ಮಳೆಗಾಲದಲ್ಲಿ ಕರಿ ಮಣ್ಣಿನ ದಾರಿಯಲ್ಲಿ ಬಸುರಿಯನ್ನು ಟ್ರ್ಯಾಕ್ಟರ್‌ನಲ್ಲಿ ಕರೆದೊಯ್ಯುವುದನ್ನು ಕಂಡವರು ಯಾರೂ ಹಾಗೆ ಹೇಳುವುದಿಲ್ಲ. ನೂರರಲ್ಲಿ 99 ರೂಪಾಯಿ ಅದಕ್ಕೇ ಇರಲಿ. ಉಳಿದ ಆ ಒಂದು ರೂಪಾಯಿ, 99 ರೂಪಾಯಿ ಎಲ್ಲಿ ಹೋದರೆ ಒಳ್ಳೆಯದು ಅಂತ ಹೇಳುತ್ತದೆ. ವರದಿ ಬರೆಸಿ ಕಪಾಟಿನಲ್ಲಿ ಇಡುತ್ತಾರೆ ಅನ್ನುವ ಭಯವೂ ನನಗೆ ಗೊತ್ತು. ಅದಕ್ಕೇ ಒಂದು ಷರತ್ತು ಹಾಕಿಕೊಳ್ಳಿ. ಅಧ್ಯಯನ ಹೇಳಿದ್ದನ್ನು ಮುಂದಿನ ಕ್ರಿಯಾ ಯೋಜನೆಯಲ್ಲಿ ಸೇರಿಸಬೇಕು, ಇಲ್ಲದಿದ್ದರೆ ಯಾಕೆ ಸೇರಿಸಲಿಲ್ಲ ಅಂತ ಮಂಡಳಿ ಲಿಖಿತ ಕಾರಣ ಕೊಡಬೇಕು. ವಿಫಲವಾದ ಪ್ರಯೋಗದ ವರದಿಯನ್ನೂ ಪ್ರಕಟಿಸಬೇಕು. ಹೊಸದಾಗಿ ಏನೋ ಮಾಡಲು ಹೋಗಿ ಫಲ ಬರದಿದ್ದರೆ ಆ ಪಿಡಿಒಗೆ, ಆ ಮುಖ್ಯಶಿಕ್ಷಕಿಗೆ ನೋಟಿಸ್ ಹೋಗಬಾರದು. ಈ ಭರವಸೆ ಇಲ್ಲದಿದ್ದರೆ ನಮ್ಮ ನೌಕರರು ಯಾರೂ ಹೊಸದಕ್ಕೆ ಕೈ ಹಾಕುವುದಿಲ್ಲ. ಅವರಲ್ಲಿ ಉತ್ಸಾಹ ಇದೆ. ನಾನು ನೋಡಿದ್ದೇನೆ. ಭಯ ಅದಕ್ಕಿಂತ ಹೆಚ್ಚಿದೆ.

ಮಂಡಳಿಯ ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯ ಸೇರಿಸಿ ಅಂತ ಕೇಳಿಕೊಳ್ಳುತ್ತೇನೆ. ಒಪ್ಪಿದರೆ ಮೊದಲು ಒಂದೇ ತಾಲ್ಲೂಕಿನಿಂದ ಶುರು ಮಾಡಿ, ದೇವದುರ್ಗವೋ ಸುರಪುರವೋ. ನಾಲ್ಕೇ ವಿಷಯ ಸಾಕು: ಮಕ್ಕಳ ಓದು, ನೀರು, ಡಾಕ್ಟರು, ಗುಳೆ. ಸೆಪ್ಟೆಂಬರ್ 17ಕ್ಕೆ ಕಲಬುರಗಿಯಲ್ಲಿ ಕಲ್ಯಾಣ ಕರ್ನಾಟಕ ಉತ್ಸವ ಆಗುತ್ತದೆ. ಆ ದಿನ ಹೊಸ ಕಾಮಗಾರಿಗಳ ಪಟ್ಟಿಯ ಜೊತೆಗೆ ಈ ನಾಲ್ಕು ವಿಷಯದ ವರದಿಯನ್ನೂ ಬಿಡುಗಡೆ ಮಾಡಿ. ಸಮೀಕ್ಷೆಗೆ ಜನ ಬೇಕಾದರೆ ನನ್ನಂಥವರು ಪ್ರತಿ ತಾಲ್ಲೂಕಿನಲ್ಲೂ ಇದ್ದೇವೆ, ಕರೆದರೆ ಬರುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ಕಲಬುರಗಿ ಜಿಲ್ಲೆಯ ಒಬ್ಬ ಸಮೀಕ್ಷಾ ಕಾರ್ಯಕರ್ತ